ಡಿಕ್ಕಿಗೆ ಹೋದ ಬ್ಯಾಟರಿ

ನನ್ನ ಗಂಡ ತೀರಿಕೊಂಡದ್ದು ಕಬ್ಬಿನ ಹೊಲದಲ್ಲಿ, ಮೋಟರ್ ಪೆಟ್ಟಿಗೆಯ ಮುಂದೆ. ಒದ್ದೆ ಕೈಯಲ್ಲಿ ಸ್ಟಾರ್ಟರ್ ಮುಟ್ಟಿದ್ದರು, ಕರೆಂಟು ಹಿಡಿಯಿತು. ಅಂದಿನಿಂದ ಮನೆಯಲ್ಲಿ ಫ್ಯಾನಿನ ಗುಂಡಿ ಒತ್ತುವಾಗಲೂ ನಾನು ಕೈಗೆ ಸೆರಗು ಸುತ್ತಿಕೊಳ್ಳುತ್ತೇನೆ.

ಅವರ ಹಳೆಯ ಅಂಬಾಸಿಡರ್ ದನದ ಕೊಟ್ಟಿಗೆಯ ಪಕ್ಕ ನಿಂತಿತ್ತು. ಬಾನೆಟ್ ಒಳಗೆ ಬ್ಯಾಟರಿ ಕೂರುವ ತಗಡು ಆಸಿಡ್ ಬಿದ್ದು ತಿಂದುಹೋಗಿತ್ತು. ಬ್ಯಾಟರಿಯನ್ನು ಹಿಂದೆ ಡಿಕ್ಕಿಯಲ್ಲಿಟ್ಟರೆ ಎಂಜಿನ್ನಿನ ಬಿಸಿಯೂ ತಾಗುವುದಿಲ್ಲ ಎಂದು ಅವರು ಹೇಳುತ್ತಲೇ ಇದ್ದರು. ಅತ್ತೆಗೆ ಮಗನ ಕಾರಿನಲ್ಲೇ ಕುಡಚಿಗೆ ಹೋಗಿ ಹೊಳೆಗೆ ಅವನ ಹೆಸರಿನ ಎಡೆ ಬಿಡುವ ಆಸೆ. ಹಾಗಾಗಿ ಅವರು ಉಳಿಸಿಹೋದ ಆ ಕೆಲಸವನ್ನು ಮೈದುನ ಮುಗಿಸಿದ.

ಡಿಕ್ಕಿಯಿಂದ ಎಂಜಿನ್‌ವರೆಗೆ ಅವನು ಎಳೆದದ್ದು ಬೋರ್‌ವೆಲ್ ಮೋಟರಿನ ಕೇಬಲ್ಲನ್ನು. ನಮ್ಮ ಕಡೆ ಆ ಚಪ್ಪಟೆ ಕರಿ ವಾಯರ್ ಮಿಕ್ಕರೆ ಯಾರೂ ಒಗೆಯುವುದಿಲ್ಲ. ಬಟ್ಟೆ ಒಣಹಾಕಲಿಕ್ಕೂ ಅದೇ, ಎಮ್ಮೆ ಕಟ್ಟಲಿಕ್ಕೂ ಅದೇ. ಒಳಗಿನ ಮೂರೂ ಎಳೆಗಳನ್ನು ಕೂಡಿಸಿ ಹೊಸೆದು, ಹಿಂದಿನ ಸೀಟಿನ ಕೆಳಗೆ ಹಾಯಿಸಿದ್ದ. ನಾನು ನೋಡಿ ನಿಂತುಬಿಟ್ಟೆ.

“ಇದ ಯಾಕೋ? ಬ್ಯಾರೆ ಸಿಗಲಿಲ್ಲೇನು?”

“ಅಣ್ಣಾನ ಇದನ್ನ ಕಾರಿಗಂತ ತೆಗದಿಟ್ಟಿದ್ದ ವೈನಿ. ಹನ್ನೆರಡ ವೋಲ್ಟ್ ಐತ್ರಿ, ಇರಿವಿನೂ ಸಾಯಂಗಿಲ್ಲ.”

“ಬೆಂಕಿ ಹತ್ತಿದ್ರ?”

“ನೀವು ಬ್ಯಾಟರಿ ಸೆಲ್ ಕಂಡ್ರೂ ಅಂಜತೀರಿ,” ಎಂದು ನಕ್ಕ.

ಅತ್ತೆ ಆಗಲೇ ಎಡೆಯ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂತಿದ್ದರು. ಅವರನ್ನು ಇಳಿಸುವ ಧೈರ್ಯ ನನಗಾಗಲಿಲ್ಲ, ಬಿಟ್ಟು ಕಳಿಸುವ ಧೈರ್ಯವೂ ಆಗಲಿಲ್ಲ. ಪಕ್ಕದಲ್ಲಿ ಕೂತೆ. ಅವರಿಗೆ ಮಂಡಿನೋವು, ಅವಸರಕ್ಕೆ ಇಳಿಯಲಾರರು. ಬೆಂಕಿ ಹತ್ತಿದರೆ ಯಾವ ಬಾಗಿಲಿನಿಂದ ಎಳೆಯಲಿ ಎಂಬುದೊಂದೇ ದಾರಿಯುದ್ದಕ್ಕೂ ನನ್ನ ಯೋಚನೆ. ವಾಯರ್ ಬಿಸಿಯಾದರೆ ತಿಳಿಯಲಿ ಎಂದು ಅಂಗೈಯನ್ನು ಸೀಟಿನ ಸಂದಿಯಲ್ಲೇ ಇಟ್ಟಿದ್ದೆ.

ಕುಡಚಿಯ ಹತ್ತಿರ ರೈಲ್ವೆ ಗೇಟು ಹಾಕಿತ್ತು. ಮೈದುನ ಎಂಜಿನ್ ಆರಿಸಿದ. ರೈಲು ಹೋದ ಮೇಲೆ ಸೆಲ್ಫ್ ಹೊಡೆದ. ಗಾಡಿ ನರಳಿತು, ಚಾಲೂ ಆಗಲಿಲ್ಲ. ಮತ್ತೆ ಹೊಡೆದ. ಹಿಂದಿದ್ದ ಕಬ್ಬಿನ ಟ್ರ್ಯಾಕ್ಟರ್‌ನವನು ಹಾರ್ನ್ ಒತ್ತಿ, “ಏ ಮಾವಾ, ಎತ್ತ ಹೂಡಲೇನು?” ಎಂದು ಕೂಗಿದ. ಮೈದುನ ಸಿಟ್ಟಿನಲ್ಲಿ ಕೀಲಿ ತಿರುವಿ ಬಿಡದೆ ಹಿಡಿದ. ನನ್ನ ಅಂಗೈ ಚುರ್ ಎಂದಿತು. ರಬ್ಬರ್ ಸುಟ್ಟ ವಾಸನೆ ಬಂತು.

“ಬಿಡೋ. ಸೆಲ್ಫ್ ಬಿಡು. ಸೀಟ್ ಸುಡಾಕತ್ತೈತಿ.”

“ಬಿಸಲಿಗಿ ಕಾದಿರಬೇಕ್ರಿ.”

“ಆಕಿ ಹೇಳಿದ್ದ ಕೇಳಲೇ,” ಎಂದರು ಅತ್ತೆ.

ಅವರನ್ನು ತಬ್ಬಿ ಹೊರಗೆಳೆದೆ. ಡಬ್ಬಿ ಉರುಳಿ ಹೋಳಿಗೆ ರಸ್ತೆಗೆ ಬಿತ್ತು. ಮೈದುನ ಸೀಟು ಎತ್ತಿದಾಗ, ಸೆಲ್ಫ್ ಎಳೆಯುವ ಕರೆಂಟು ತಾಳದೆ ಕೇಬಲ್ ಮೆತ್ತಗಾಗಿ ಸ್ಪ್ರಿಂಗಿಗೆ ಅಂಟಿಕೊಂಡಿತ್ತು. ಸೀಟಿನೊಳಗೆ ತುಂಬಿದ್ದ ತೆಂಗಿನ ನಾರು ಕಂದಿ ಹೊಗೆಯಾಡುತ್ತಿತ್ತು. ಅವನು ನಟ್ಟು ಬಿಚ್ಚುವ ಪಾನಾ ಹಿಡಿದು ಡಿಕ್ಕಿಗೆ ಓಡಿ ಬ್ಯಾಟರಿಗೆ ಕೈ ಹಚ್ಚಿದ. ನಾನು ಅವನ ಅಂಗಿ ಹಿಡಿದು ಹಿಂದಕ್ಕೆ ಜಗ್ಗಿದೆ. ಅದರಿಂದ ಶಾಕ್ ಹೊಡೆಯುವುದಿಲ್ಲ ಎಂದು ಗೊತ್ತಿತ್ತು, ಆದರೂ ಬಿಡಲಾಗಲಿಲ್ಲ. ವಾಯರ್ ಕಳಚುವಾಗ ಸಣ್ಣದೊಂದು ಕಿಡಿ ಹಾರಿತು. ನನ್ನ ಗಂಟಲಿನಿಂದ ಯಾವ ದನಿ ಹೊರಟಿತೋ ಗೊತ್ತಿಲ್ಲ, ಟ್ರ್ಯಾಕ್ಟರ್‌ನವನು ಇಳಿದು ಬಂದ.

ಮೈದುನ ತಿರುಗಿ ನೋಡಿದ. ಅವನ ಮುಖದಲ್ಲೀಗ ನಗು ಇರಲಿಲ್ಲ.

“ನಾ ಚಲೋ ಅದೀನ್ರಿ ವೈನಿ. ಅಂಗಿ ಬಿಡ್ರಿ.”

ಅತ್ತೆ ಕುಂಟುತ್ತ ಬಂದು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. ರಸ್ತೆಯಲ್ಲಿ ಬಿದ್ದ ಹೋಳಿಗೆಯ ಕಡೆ ಅವರು ನೋಡಲಿಲ್ಲ.

“ಇವತ್ತ ಹೊಳಿ ಬ್ಯಾಡ,” ಎಂದರು. “ಮೂರೂ ಮಂದಿ ಮನಿಗಿ ಹೋಗೂಣು.”

ಕಾರನ್ನು ರಸ್ತೆಯ ಬದಿಗೆ ತಳ್ಳಿ, ಊರ ಕಡೆಗೆ ಹೋಗುವ ರಾಯಬಾಗದ ಬಸ್ಸಿಗೆ ನಿಂತೆವು.