ಕಲ್ಲಿನ ತೂತಿನಲ್ಲಿ ಕಂಡ ಚಿಪ್ಪು

ಅಕ್ಷತಾ, ನೀನು ಸುಳ್ಳು ಹೇಳಿರಲಿಲ್ಲ. ಅದು ನನಗೆ ಎರಡೇ ದಿನದಲ್ಲಿ ತಿಳಿದಿತ್ತು — ಹನ್ನೆರಡು ವರ್ಷ ಬಾಯಿ ಬಿಡಲಿಲ್ಲ.

ಕಾಪುವಿನ ಶಾಲೆಯಲ್ಲಿ ನಿಮ್ಮ ಒಂಬತ್ತನೇ ತರಗತಿಗೆ ನಾನು ಇತಿಹಾಸದ ಟೀಚರ್. ಈ ಕರಾವಳಿಗೆ ಬಂದುಹೋದ ಹಾಯಿಹಡಗುಗಳು, ಕಡಲ ತಳದಲ್ಲಿ ಉಳಿದ ಅವುಗಳ ಅವಶೇಷ, ಹಿಂದಿನವರು ತೂತು ಕೊರೆದು ಬಳಸುತ್ತಿದ್ದ ಕಲ್ಲಿನ ಲಂಗರು — ಪುಸ್ತಕದಲ್ಲಿ ಇಲ್ಲದ್ದನ್ನೂ ವಾರಕ್ಕೊಂದು ಪೀರಿಯಡ್ ಇಟ್ಟು ಕಲಿಸುತ್ತಿದ್ದೆ. ನೀರಿನಿಂದ ಬಂದ ವಸ್ತು ಎಲ್ಲಿ ಸಿಕ್ಕಿತೆಂದು ಗೊತ್ತಿಲ್ಲದಿದ್ದರೆ ಅದು ಅರ್ಧ ಸಾಕ್ಷಿ ಎಂದು ಬಾಯಿಪಾಠ ಮಾಡಿಸಿದ್ದೆ.

ಶಾಲೆಯ ವಸ್ತುಪ್ರದರ್ಶನಕ್ಕೆ ನೀನು ರಿಕ್ಷಾದಲ್ಲಿ ಒಂದು ಕಲ್ಲಿನ ತುಂಡು ತಂದೆ. ಅದರಲ್ಲಿ ಎರಡು ಚೌಕ ತೂತು. ಅಪ್ಪನ ಬಲೆಗೆ ಸಿಕ್ಕಿದ ಲಂಗರು ಎಂದು ನೀನು ಹೇಳಿದೆ. ಎಲ್ಲಿ ಸಿಕ್ಕಿತು, ದೀಪಸ್ತಂಭದಿಂದ ಯಾವ ಕಡೆಗೆ, ಎಷ್ಟು ದೂರ — ನಾನು ಕೇಳಿದೆ. ನೀನು ನೆಲ ನೋಡಿದೆ.

ಮಕ್ಕಳ ರಜಾ ಅರ್ಜಿಯ ಸಹಿಯನ್ನೂ ಎರಡು ಸಲ ನೋಡುವವಳು ನಾನು. ನಿನ್ನ ಮೌನವೇ ನನ್ನ ಅನುಮಾನಕ್ಕೆ ಸಾಕಾಯಿತು. ಗದ್ದೆಬೇಲಿಯ ದಾರಿಗೆ ಗೇಟಿನಂತೆ ಗಳ ಹಾಯಿಸಲು ನಿಲ್ಲಿಸುವ ಕಲ್ಲುಕಂಬಕ್ಕೂ ಅಂಥದೇ ತೂತು. ಅಲೆವೂರಿನ ನಮ್ಮ ಗದ್ದೆಯಲ್ಲೇ ಎರಡು ಇದ್ದವು.

"ಯಾರ ಗದ್ದೆಯಿಂದ ಕದ್ದು ತಂದದ್ದು ಇದು?"

ತರಗತಿ ನಕ್ಕಿತು. ಹಿಂದಿನ ಬೆಂಚಿನವನೊಬ್ಬ "ಗೇಟ್ ಅಕ್ಷತಾ" ಎಂದ. ನಾನು ಅವನನ್ನು ಗದರಲಿಲ್ಲ.

ಎರಡು ದಿನ ಬಿಟ್ಟು, ಕಲ್ಲನ್ನು ಹೊರಗೆ ಹಾಕಿಸುವ ಮುನ್ನ ಬ್ರಷ್‌ನಿಂದ ಉಜ್ಜಿದೆ — ಏಕೆ ಉಜ್ಜಿದೆನೋ. ತೂತಿನ ಒಳಗೆ ಕಡಲ ಚಿಪ್ಪುಗಳು ಕಲ್ಲಿಗೆ ಕಚ್ಚಿ ಬೆಳೆದಿದ್ದವು. ಗದ್ದೆಯಲ್ಲಿ ಬೆಳೆಯುವಂಥವಲ್ಲ.

ಅದೇ ಸಂಜೆ ನಿನ್ನ ಅಪ್ಪ ಬಂದರು, ಜಗಲಿಯ ಕೆಳಗೇ ನಿಂತರು.

"ಆ ಕಲ್ಲು ಸಿಕ್ಕಿದಲ್ಲಿ ನೀರಡಿಯಲ್ಲಿ ಬಂಡೆ ಉಂಟು ಟೀಚರೇ, ಮೀನು ನಿಲ್ಲುವ ಜಾಗ. ನನ್ನ ಅಪ್ಪ ನನಗೆ ತೋರಿಸಿದ್ದು. ಹೊರಗೆ ಹೇಳಿದರೆ ನಾಳೆ ಎಲ್ಲ ದೋಣಿಯೂ ಅಲ್ಲಿಯೇ. ಹೇಳಬೇಡ ಅಂತ ಮಗಳಿಗೆ ಹೇಳಿದ್ದು ನಾನು. ಕಲ್ಲು ನೀವೇ ಇಟ್ಟುಕೊಳ್ಳಿ. ಅವಳು ಕಳ್ಳಿ ಅಲ್ಲ ಅಂತ ಕ್ಲಾಸಿನಲ್ಲಿ ಒಂದು ಮಾತು ಹೇಳಿ, ಸಾಕು."

"ನೋಡುವ" ಎಂದೆ.

ಮರುದಿನ ಹಾಜರಿ ಕರೆದೆ. ನಿನ್ನ ಹೆಸರು ಬಂತು, ಆ ಒಂದು ಮಾತು ಹೇಳದೆ ಮುಂದಿನ ಹೆಸರಿಗೆ ಹೋದೆ. ತಪ್ಪು ಒಪ್ಪಿದರೆ ತರಗತಿ ಕೈತಪ್ಪುತ್ತದೆ ಎಂದು ಹೆದರಿದ್ದೆ. ಕಲ್ಲು ಬಿಸಿಯೂಟದ ಅಡುಗೆಮನೆಯ ಹಿಂದೆ ಮೆಟ್ಟಿಲಾಯಿತು. ನನ್ನ ಪೀರಿಯಡಿನಲ್ಲಿ ನೀನು ಮತ್ತೆ ಕೈ ಎತ್ತಲಿಲ್ಲ.

ಈಗ ಮಣಿಪಾಲದ ಒಂದು ಗ್ರಂಥಾಲಯದಲ್ಲಿ ಶನಿವಾರ ಬೆಳಿಗ್ಗೆ ಮಕ್ಕಳಿಗೆ ಅದೇ ಪಾಠ ಹೇಳುತ್ತೇನೆ. ಕಳೆದ ತಿಂಗಳು ಒಂದು ಮಗು ಕೇಳಿತು: "ನಮ್ಮ ಸಮುದ್ರದಲ್ಲಿ ಎಂತದೂ ಸಿಗಲಿಲ್ವಾ ಅಜ್ಜಿ?" ನನಗೆ ಗೊತ್ತಿಲ್ಲ ಎಂದೆ. ಅಷ್ಟು ಸಲೀಸಾಗಿ ಬಂತು ಆ ಸುಳ್ಳು — ಇನ್ನೆಷ್ಟು ಮಕ್ಕಳನ್ನು ನಿನ್ನ ಹಾಗೆಯೇ ಕಳ್ಳರೆಂದು ಅಳೆದೆನೋ, ಅದೂ ನನಗೀಗ ಖಾತ್ರಿಯಿಲ್ಲ.

ನಿಮ್ಮ ತರಗತಿಯ ಮೂವತ್ತೆಂಟು ಹೆಸರುಗಳೂ ಕ್ರಮವಾಗಿ ನೆನಪಿವೆ. ನೀನು ಕಳ್ಳಿ ಅಲ್ಲ, ತಪ್ಪು ನನ್ನದು ಎಂದು ಒಬ್ಬೊಬ್ಬರನ್ನೇ ಹುಡುಕಿ ಹೇಳುತ್ತಿದ್ದೇನೆ. ನಿನ್ನೆ ಬಜಗೋಳಿಗೆ ಹೋಗಿದ್ದೆ. ಆ ಹಿಂದಿನ ಬೆಂಚಿನವನು ಅಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದಾನೆ. ಚಾ ತರಿಸಿದ. ನಾನು ನಿನ್ನ ಹೆಸರೆತ್ತಿದೆ.

"ಯಾವ ಅಕ್ಷತಾ? ಓ, ಗೇಟ್ ಅಕ್ಷತಾ ಅಲ್ವಾ?" ಎಂದು ನಕ್ಕ.

ಲೋಟ ಕೆಳಗಿಟ್ಟು ಎದ್ದು ನಿಂತೆ. ಗಿರಾಕಿಗಳಿದ್ದರು. ಅವರ ಎದುರಿಗೇ, ಮೊದಲಿನಿಂದ ಹೇಳತೊಡಗಿದೆ.