ಚಾವಿ ಒಳಗೈತಿ ಎಂದ ಹೊನ್ನೂರಮ್ಮ

ಬೆಳಗಿನ ಆರು ಗಂಟೆ. ಹೊಸಪೇಟೆಯ ಲಾರಿ ಆಫೀಸೊಂದರಲ್ಲಿ ಹೊನ್ನೂರಮ್ಮ ಸೆರಗು ಸಿಕ್ಕಿಸಿಕೊಂಡು ಕೀಬೋರ್ಡಿನ ಕೆಂಪು ದೂಳು ಒರೆಸುತ್ತಾರೆ. ಇಲ್ಲಿ ಕುಳಿತೇ ಸಂಡೂರು ಗುಡ್ಡದ ಕಾಟಾದಲ್ಲಿರುವ, ಅಂದರೆ ಅದಿರು ಲಾರಿಗಳನ್ನು ತೂಗುವ ಕಡೆಯ, ಕಂಪ್ಯೂಟರಿಗೆ ಲಾಗಿನ್ ಆಗುತ್ತಾರೆ. ಪಾಸ್‌ವರ್ಡ್ ಒತ್ತಿದ ಮೇಲೆ ನಿನ್ನೆಯ ತೂಕದ ಪಟ್ಟಿಗಳು ತೆರೆದುಕೊಳ್ಳುತ್ತವೆ. "ಬಾಗಿಲಾ ತೆಗೀತು ನೋಡ್ರಿ" ಎಂದು ನಗುತ್ತಾರೆ.

ಇದು 2010. ಅದಿರಿನ ಭರಾಟೆ ಜೋರು. ಆ ಒಂದು ಕಾಟಾಕ್ಕೇ ದಿನಕ್ಕೆ ಮುನ್ನೂರು ಲಾರಿ. ಪಾಪಿನಾಯಕನಹಳ್ಳಿಯ ಈ ಹೆಣ್ಣುಮಗಳು ಓದಿದ್ದು ಎಸ್ಸೆಸ್ಸೆಲ್ಸಿ. ಟೈಪಿಂಗ್ ಕಲಿತು, ಎರಡು ಬಸ್ಸು ಬದಲಿಸಿ ಆರು ವರ್ಷ ಆ ಗುಡ್ಡ ಹತ್ತಿದವರು.

ಹೋದ ವರ್ಷ ಇಂಜಿನಿಯರ್ ಸಿದ್ದಲಿಂಗೇಶ್, ತೂಕದ ಪಟ್ಟಿಯನ್ನು ಯಾರೂ ತಿದ್ದದಿರಲೆಂದು ಹೊನ್ನೂರಮ್ಮನವರ ಹೋಮ್ ಫೋಲ್ಡರನ್ನು, ಅಂದರೆ ಅವರ ಫೈಲುಗಳೆಲ್ಲ ಇರುವ ಜಾಗವನ್ನು, ಎನ್‌ಕ್ರಿಪ್ಟ್ ಮಾಡಿ ಬೀಗ ಜಡಿದರು. ಅವರ ಪಾಸ್‌ವರ್ಡ್ ಬೀಳುವ ತನಕ ಅದು ತೆರೆಯದು. ಹೊಸಪೇಟೆಯಿಂದಲೇ ಲಾಗಿನ್ ಆಗಲು ಆ ಕಾಟಾ ಕಂಪ್ಯೂಟರಿನಲ್ಲೇ ಒಂದು ಕೀಲಿ-ಫೈಲನ್ನೂ ಇಟ್ಟು, ಅವರೆದುರೇ ಪರೀಕ್ಷಿಸಿ ಹೋದರು. ಮರುದಿನ ಬೆಳಗ್ಗೆ ಕಾವಲುಗಾರ ಮಷಿನ್ ಆನ್ ಮಾಡಿದರೂ ಹೊಸಪೇಟೆ ಆಫೀಸಿನವರಿಗೆ ಲಾಗಿನ್ನೇ ಆಗಲಿಲ್ಲ! ಎಂಟಕ್ಕೆ ಹೊನ್ನೂರಮ್ಮ ಕಾಟಾಕ್ಕೆ ಬಂದು ಕೂತದ್ದೇ ಸರಿಹೋಯಿತು. ದಿನವೂ ಇದೇ ಕಥೆ. ಅನುಮಾನ ಯಾರ ಮೇಲೆ? ಮತ್ತಿನ್ಯಾರು, ಕುರ್ಚಿಯಲ್ಲಿ ಕೂತವರ ಮೇಲೆ. ಈಕೆಯೇ ಏನೋ ಕೈಯಾಡಿಸುತ್ತಾಳೆ, ಬೇರೆಯವರನ್ನು ಹಾಕಿ ಎಂದರು ಮಾಲೀಕರು.

"ಕೆಲ್ಸ ಹೋದ್ರ ಹೋಗ್ಲಿ, ಕಳ್ಳಿ ಅನ್ನಿಸ್ಕೊಂಡು ಹೋಗ್ಬೇಕಾ?"

ಅತ್ತು ಕೂರಲಿಲ್ಲ ಹೊನ್ನೂರಮ್ಮ. ತಾವು ಪಾಸ್‌ವರ್ಡ್ ಒತ್ತಿದ ಗಳಿಗೆ, ಹೊಸಪೇಟೆಯವರಿಗೆ ಲಾಗಿನ್ ಆದ ಗಳಿಗೆ, ಎರಡನ್ನೂ ಹನ್ನೊಂದು ದಿನ ನೋಟ್‌ಬುಕ್ಕಿನಲ್ಲಿ ಬರೆದಿಟ್ಟರು. ಒಮ್ಮೆಯೂ ತಪ್ಪಲಿಲ್ಲ: ಮೊದಲು ಇವರು, ಆಮೇಲೆ ಅವರು. ಪುಸ್ತಕ ಹಿಡಿದುಕೊಂಡೇ ಸಿದ್ದಲಿಂಗೇಶರನ್ನು ಕೇಳಿದರು, "ಸಾರ್, ಆ ಚಾವಿ ಎಲ್ಲಿಟ್ಟೀರಿ?"

"ನಿಮ್ಮ ಫೋಲ್ಡರ್‌ನಾಗ."

"ಅದು ನಾ ಬರೋತನ ಮುಚ್ಚಿರ್ತೈತಲ್ರಿ! ಚಾವಿ ಒಳಗಿಟ್ಟು, ಹೊರಗ ನಿಂತು ಬಾಗಿಲಾ ಬಡದ್ರ ಹೆಂಗ?"

ಸಿದ್ದಲಿಂಗೇಶ್ ಈಗಲೂ ಹಣೆ ಬಡಿದುಕೊಳ್ಳುತ್ತಾರೆ. "ನಾಕು ವರ್ಷ ಇಂಜಿನಿಯರಿಂಗ್ ಓದೀನ್ರಿ, ಹೊಳೀಲೇ ಇಲ್ಲ. ಅವರು ತೆರೆದು ಕೂತಾಗ ಟೆಸ್ಟ್ ಮಾಡಿದ್ದೆ, ಅದಕ್ಕ ಸರಿ ಕಂಡಿತ್ತು."

ಕೀಲಿ-ಫೈಲು ಅಂದೇ ಫೋಲ್ಡರಿನಿಂದ ಹೊರಬಂತು. ಈಗ ಕೀಲಿ ಇದ್ದವರು ಆ ಕಂಪ್ಯೂಟರಿನ ಪಡಸಾಲೆಯ ತನಕ ಬರಬಹುದು. ತೂಕದ ಪಟ್ಟಿಗಳಿರುವ ಒಳಕೋಣೆ ತೆರೆಯಲು ಹೊನ್ನೂರಮ್ಮನವರ ಪಾಸ್‌ವರ್ಡೇ ಬೇಕು. ಅದನ್ನು ಅವರು ಎಲ್ಲೂ ಬರೆದಿಟ್ಟಿಲ್ಲ, ಗಂಡನಿಗೂ ಹೇಳಿಲ್ಲ. ಬದಲಿಸಿ ಎಂದಿದ್ದ ಅದೇ ಮಾಲೀಕರು ಈಗ ನಾಲ್ಕು ಕಾಟಾ ಅವರ ಕೈಗೊಪ್ಪಿಸಿದ್ದಾರೆ. ಭೇಷ್ ಎನ್ನದೆ ಇರಲಾದೀತೆ?

ಇನ್ನೇನು ಆಸೆ ಎಂದು ಕೇಳಿದೆ. ಪರದೆಯಿಂದ ಕಣ್ಣು ತೆಗೆಯದೆ ಹೇಳಿದರು:

"ದೊಡ್ದೇನಿಲ್ರಿ. ಏನಾರ ಕೆಟ್ರ ಮೊದ್ಲು ಮಷಿನ್ ನೋಡ್ರಿ. ಆಮ್ಯಾಲ ಬೇಕಾದ್ರ ಆಪರೇಟರ್‌ನ ಬೈರಿ."