ಪರಾತದ ಅಂಚಿನ ಹೆಸರು

ಸ್ಟೀಲಿಗೆ ವಾಸನೆ ಅಂಟುವುದಿಲ್ಲ ಎಂದು ಇಷ್ಟು ವರ್ಷ ಗಿರಾಕಿಗಳಿಗೆ ಹೇಳುತ್ತ ಬಂದಿದ್ದೇನೆ. ಅದು ಸುಳ್ಳು, ನಿಮ್ಮ ಹತ್ತಿರ ಒಪ್ಪಿಕೊಳ್ಳುತ್ತೇನೆ. ಮೊನ್ನೆ ಮುಂಜಾನೆ ಹೆಣ್ಣುಮಗಳೊಬ್ಬಳು ನನ್ನ ಅಂಗಡಿಯ ಮೇಜಿನ ಮೇಲೆ ಹಳೆಯ ಸೀರೆಯ ತುಂಡಿನ ಗಂಟು ಬಿಚ್ಚಿದಾಗ ಜೋಳದ ಹಿಟ್ಟಿನ ವಾಸನೆ ಘಮ್ಮೆಂದು ಎದ್ದಿತು. ಒಳಗಿದ್ದದ್ದು ಒಂದು ಪರಾತ, ಅಂದರೆ ಹಿಟ್ಟು ನಾದುವ ಅಗಲವಾದ ತಟ್ಟೆ. ನಾದಿ ನಾದಿ ಅದರ ಮೈ ಕನ್ನಡಿಯಾಗಿತ್ತು.

"ಕಾಕಾರ, ಇದರ ಅಂಚಿಗೆ 'ಅಂಬಿಕಾ ರೊಟ್ಟಿ' ಅಂತ ದೊಡ್ಡದಾಗಿ ಬರೀರಿ. ಅಂಬಿಕಾ ಅಂದ್ರ ನಾನ. ತಂಬ್ರಹಳ್ಳಿಯಾಗ ರೊಟ್ಟಿ ಬಡಿದು ಮಾರಾಕ ಹತ್ತೀನಿ. ಕಾರ್ಯದ ಮನಿಗೆ ಇದರಾಗ ಹಾಕಿ ಕಳಿಸಿದ್ರ ನಾಕು ಮಂದಿ ಓದ್ತಾರ. ಮತ್ತ, ಪುಕ್ಕಟೆ ಪ್ರಚಾರ ಹೆಂಗ ಮಾಡಬೇಕಂತ ನಿಮ್ಮನ್ನ ಕೇಳ್ಬೇಕಂತ."

"ಯಾರು ಹೇಳಿದ್ರವ್ವ?" ಎಂದೆ. ಇದು ನನ್ನ ಚಟ. ಅಂಗಡಿಗೆ ಹೊಸಬರು ಯಾರೇ ಬರಲಿ, ನೀರು ಕೊಡುವ ಮೊದಲು ಈ ಪ್ರಶ್ನೆ ಕೇಳುತ್ತೇನೆ.

"ಬಂದ ಮ್ಯಾಲ ಹೇಳ್ತೀನಿ, ಸಂತಿ ಮಾಡ್ಕೊಂಡು ಬರ್ತೀನಿ ತಡೀರಿ," ಎಂದು ಆಕೆ ಚೀಲ ಹಿಡಿದು ಹೋದಳು.

ಪರಾತವನ್ನು ತಿರುವಿದೆ. ತಳದಲ್ಲಿ 'ತಂಬ್ರಹಳ್ಳಿ ಕೊಟ್ರಮ್ಮ' ಎಂದಿತ್ತು. ಅಂಚಿನಲ್ಲಿ, ಅದರ ಎರಡರಷ್ಟು ದೊಡ್ಡ ಅಕ್ಷರದಲ್ಲಿ, ನನ್ನದೇ ಅಂಗಡಿಯ ಹೆಸರು. ಹಾಗೇ ಸ್ಟೂಲು ಎಳೆದುಕೊಂಡು ಕುಳಿತೆ.

ಪುಕ್ಕಟೆ ಪ್ರಚಾರದ ಬಗ್ಗೆ ನನ್ನನ್ನು ಕೇಳಲು ಮಂದಿ ಬರುವುದು ಹೊಸದಲ್ಲ. ಕೂಡ್ಲಿಗಿಯಲ್ಲಿ ಕನ್ನಡಕದ ಅಂಗಡಿ ಇಟ್ಟವನು ಬಂದಿದ್ದ, ಹರಪನಹಳ್ಳಿಯ ಟೇಲರ್ ಬಂದಿದ್ದ. ಎಲ್ಲರಿಗೂ ಚಹಾ ಕುಡಿಸಿ ನನ್ನ ಕಥೆ ಹೇಳಿ ಕಳಿಸಿದ್ದೇನೆ. ಚಹಾದ ಆಸೆಗಾದರೂ ಅವರು ಪೂರ್ತಿ ಕೇಳಿರಬೇಕು. ನೀವೂ ಕೇಳಿ. ಆದರೆ ಮೊನ್ನೆಯವರೆಗೆ ನಾನು ಹೇಳುತ್ತಿದ್ದ ಕಥೆಗೂ ಇದಕ್ಕೂ ಕೊನೆಯಲ್ಲಿ ಸ್ವಲ್ಪ ಫರಕು ಇದೆ.

ನಾನು ಕೊಟ್ಟೂರಿನ ಸಾಹುಕಾರರೊಬ್ಬರ ಪಾತ್ರೆ ಅಂಗಡಿಯಲ್ಲಿ ಹನ್ನೊಂದು ವರ್ಷ ದುಡಿದವನು. ಹಗರಿಬೊಮ್ಮನಹಳ್ಳಿಯಲ್ಲಿ ಸ್ವಂತ ಅಂಗಡಿ ಹಾಕುತ್ತೇನೆ ಎಂದಾಗ ಅವರು ಸಿಟ್ಟಾಗಲಿಲ್ಲ. ಆಗಿದ್ದರೆ ಚೆನ್ನಾಗಿತ್ತು. ನಕ್ಕು, "ಹೋಗಿ ಬಾರಪ್ಪಾ. ದೀಪಾವಳಿ ತನಕ ನಿನ್ನ ಜಾಗಾ ಖಾಲಿ ಇಟ್ಟಿರ್ತೀನಿ. ಆಮ್ಯಾಲ ಬ್ಯಾರೆಯವ್ನ ಕುಂದ್ರಸ್ತೀನಿ," ಎಂದರು. ದೀಪಾವಳಿಯೊಳಗೆ ಅಂಗಡಿ ನಡೆಯದಿದ್ದರೆ ತಲೆ ತಗ್ಗಿಸಿಕೊಂಡು ಅದೇ ಜಾಗಕ್ಕೆ ಹೋಗಿ ಕೂರಬೇಕು. ಆ ನಗು ನನ್ನ ಬೆನ್ನ ಹಿಂದೆಯೇ ಬಸ್ಸು ಹತ್ತಿ ಬಂದಿತ್ತು.

ನನಗೆ ಸಿಕ್ಕಿದ್ದು ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಒಂದು ಮಳಿಗೆ. ಕತ್ತೆಯೂ ದಾರಿ ತಪ್ಪಿದರೆ ಮಾತ್ರ ಬರುವಂಥ ಗಲ್ಲಿ. ಜಾಹೀರಾತಿಗೆ ಕೈಯಲ್ಲಿ ಕಾಸಿರಲಿಲ್ಲ. ಪತ್ರಿಕೆಗೆ ಸುದ್ದಿ ಬರೆಯುವವರೊಬ್ಬರನ್ನು ಹಿಡಿದು, ಹೊಸ ಅಂಗಡಿಯ ಬಗ್ಗೆ ನಾಲ್ಕು ಸಾಲು ಬರೆಯಿರಿ ಎಂದೆ. "ಅಂಗಡಿ ತೆರದದ್ದು ಸುದ್ದಿ ಅಲ್ರಿ, ಬಿದ್ರ ಹೇಳ್ರಿ," ಎಂದರು. ಕೂಡ್ಲಿಗಿ ಬಸ್ಸಿನ ಕಂಡಕ್ಟರಿಗೆ, ಊರಿನ ಹೆಸರು ಕೂಗುವಾಗ ಜೊತೆಗೆ ನನ್ನ ಅಂಗಡಿಯ ಹೆಸರನ್ನೂ ಒಮ್ಮೆ ಕೂಗಪ್ಪಾ ಎಂದೆ. "ಊರಿನ ಹೆಸ್ರು ಕೂಗಾಕ ಸಂಬಳ ಕೊಡ್ತಾರ. ನಿನ್ನ ಹೆಸ್ರಿಗೆ ಯಾರು ಕೊಡ್ತಾರಲೇ?" ಎಂದು ಸೀಟಿ ಊದಿದ.

ಮನೆಯವಳಂತೂ, "ಮುಂಜಾನಿ ಪಾತ್ರಿ ಒರೆಸಿ ಇಡ್ತೀರಿ, ಸಂಜಿಕ ಅವನ್ನ ಒರೆಸಿ ಬಾಗ್ಲಾ ಹಾಕ್ತೀರಿ. ಅಷ್ಟು ಹುರುಪಿದ್ರ ಮನಿ ಪಾತ್ರಿನಾರ ತಿಕ್ರಿ," ಎನ್ನತೊಡಗಿದ್ದಳು.

ಆಗ ಹೊಳೆದದ್ದು ಹೆಸರು ಹಾಕುವ ಮಷಿನು. ಪೆನ್ನಿನಂತೆ ಹಿಡಿದರೆ ಗುರ್ ಎಂದು ಸ್ಟೀಲಿನ ಮೇಲೆ ಬರೆಯುವ ಚಿಕ್ಕ ಯಂತ್ರ. ಆಗೆಲ್ಲ ನಮ್ಮ ಕಡೆ ಒಂದು ಮನೆಯ ಕಾರ್ಯವೆಂದರೆ ಓಣಿಯ ಪಾತ್ರೆಗಳೆಲ್ಲ ಅಲ್ಲಿಗೆ ಹೋಗುತ್ತಿದ್ದವು. ಕಾರ್ಯ ಮುಗಿದ ಮೇಲೆ ಯಾರ ಡಬರಿ ಯಾರದು ಎಂದು ಜಗಳ. ಡಬರಿ ಎಂದರೆ ಸಾರು ಮಾಡುವ ದೊಡ್ಡ ಪಾತ್ರೆ. ಅದಕ್ಕಾಗಿ ಮುರಿದುಹೋದ ಸಂಬಂಧಗಳನ್ನು ನಾನೇ ನೋಡಿದ್ದೇನೆ. 'ಪಾತ್ರೆ ಎಲ್ಲಿ ಕೊಂಡಿದ್ದರೂ ಸರಿ, ಹೆಸರು ಪುಕ್ಕಟೆ' ಎಂದು ಹಲಗೆ ಹಾಕಿದೆ. ಯಜಮಾನರ ಹೆಸರನ್ನು ತಳಕ್ಕೆ ಬರೆದು, ಕೇಳದೆ ಹೇಳದೆ ಅಂಚಿಗೆ ನನ್ನ ಅಂಗಡಿಯ ಹೆಸರನ್ನು ದಪ್ಪಗೆ ಕೆತ್ತುತ್ತಿದ್ದೆ. ಊರೂರಿನ ಅಡುಗೆಮನೆಯಲ್ಲಿ ನನ್ನ ಬೋರ್ಡು! ಈ ಬುದ್ಧಿಗೆ ನಾನೇ ನನ್ನ ಬೆನ್ನು ತಟ್ಟಿಕೊಂಡೆ, ಕೈ ಎಟುಕಿದಷ್ಟು.

ಮಂದಿ ಬಂದರು. ಸಂತೆಗೆ ಬಂದ ಗಂಡಸರು ಮನೆಯ ಪಾತ್ರೆಗಳನ್ನು ಚೀಲದಲ್ಲಿ ತಂದು, ಹೆಸರು ಹಾಕಿಸಿಕೊಂಡು, ಬೀಡಿ ಸೇದಿ ಹೋದರು. ಒಂದು ಚಮಚ ಕೊಂಡವರಿಲ್ಲ.

ಒಂದು ದಿನ ಬಂದಾಕೆ ಕೊಟ್ರಮ್ಮ. ತಂಬ್ರಹಳ್ಳಿಯಲ್ಲಿ ಯಾರ ಮನೆಯ ಕಾರ್ಯವಾದರೂ ಪಾತ್ರೆಗಳ ಉಸ್ತುವಾರಿ ಆಕೆಯದು. ಬಂದ ಪಾತ್ರೆ ನೆನಪಿಟ್ಟುಕೊಂಡು, ಮುಗಿದ ಮೇಲೆ ಮನೆಮನೆಗೆ ಹಂಚಿ ಕಳಿಸುವವಳು. ಶಾಲೆಗೆ ಹೋದವಳಲ್ಲ. ಪಾತ್ರೆಗಳ ಮೇಲಿನ ಹೆಸರು ಹಿಡಿದೇ ಅಕ್ಷರ ಕಲಿತವಳು. ಹೆಸರು ಹಾಕಿಕೊಟ್ಟ ಪರಾತವನ್ನು ತಿರುವಿ, ತಳದ ಮೇಲೆ ಬೆರಳಾಡಿಸಿ ಒಂದೊಂದೇ ಅಕ್ಷರ ಓದಿದಳು. ಮುಖ ಅರಳಿತು. ಆಮೇಲೆ ಅಂಚು ನೋಡಿದಳು.

"ಇದ್ಯಾರ ಹೆಸ್ರಪ್ಪಾ?"

"ನಮ್ಮ ಅಂಗಡೀದ್ರಿ ಅಮ್ಮಾ. ಪ್ರಚಾರಕ್ಕ."

"ಪಾತ್ರಿ ನಂದು. ತಳಕ್ಕ ನನ್ನ ಹಾಕಿ, ಮ್ಯಾಲ ನೀ ಕುಂತಿ. ಶಾಣ್ಯಾ ಅದೀ ಬಿಡು." ಖಾಲಿ ಅಂಗಡಿಯ ಸುತ್ತ ಕಣ್ಣಾಡಿಸಿದಳು. "ಹೆಣ್ಮಕ್ಕಳು ಯಾರೂ ಬಂದಂಗ ಕಾಣವಲ್ಲದು?"

"ನೀವ ಮೊದಲಿನವ್ರು ನೋಡ್ರಿ. ದೀಪಾವಳಿ ತನಕ ನೋಡ್ತೀನ್ರಿ, ಇಲ್ಲಂದ್ರ ತಿರುಗಿ ಕೊಟ್ಟೂರು." ಯಾಕೆ ಹಾಗೆ ಬಾಯಿಬಿಟ್ಟೆನೋ ಗೊತ್ತಿಲ್ಲ.

"ಹೌದಾ," ಎಂದು ಪರಾತವನ್ನು ಬಗಲಿಗಿಟ್ಟುಕೊಂಡು ಹೋದಳು.

ದೀಪಾವಳಿಗೆ ಹದಿನೈದು ದಿನವಿತ್ತು. ಒಂದು ಸಂಜೆ ಅಂಗಡಿಯ ಮುಂದೆ ಟೆಂಪೊ ನಿಂತಿತು. ಅದರ ತುಂಬ ಡಬರಿ, ಪರಾತ, ನೀರಿನ ಚರಗಿ, ಸೌಟು. ಡ್ರೈವರ್ ಇಳಿಸತೊಡಗಿದ. "ತಗೋರಿ, ನಿಮ್ಮ ಬಾಡಿಗಿ ಪಾತ್ರಿ. ತಂಬ್ರಹಳ್ಳಿಯಾಗ ತೊಟ್ಲ ಕಾರ್ಯ ಮುಗೀತು, ಕೊಟ್ರಮ್ಮ ಕಳಿಸ್ಯಾಳ."

"ನಾನೆಲ್ಲಿ ಬಾಡಿಗಿ ಕೊಟ್ಟೀನೋ ಮಾರಾಯಾ!"

"ಎಲ್ಲಾದರ ಮ್ಯಾಲೂ ನಿಮ್ದ ಹೆಸ್ರು ಐತಲ್ರಿ," ಎಂದವನೇ ಹೊರಟುಹೋದ.

ಮರುದಿನ ಮೊದಲ ಬಸ್ಸಿಗೇ ತಂಬ್ರಹಳ್ಳಿಯ ಹೆಂಗಸರು ಇಳಿದರು. ಓಣಿಗೆ ಓಣಿಯೇ ಬಂದಂತಿತ್ತು. "ನಮ್ಮ ತವರುಮನಿ ಡಬರಿ ಮ್ಯಾಲ ನಿನ್ನ ಹೆಸ್ರು ಬರಿಯಾಕ ಯಾರು ಹೇಳಿದ್ರೋ?" "ನಿಮ್ಮಪ್ಪ ಮಾಡಿಸಿದ್ನೇನು ಈ ಚರಗಿ?" ಒಬ್ಬಾಕೆ ಸೌಟು ಎತ್ತಿದಳು, ಬೀಸಲಿಲ್ಲ ಎಂಬುದನ್ನು ಇತಿಹಾಸಕ್ಕಾಗಿ ಹೇಳುತ್ತೇನೆ. ನಾನು ಕೈ ಮುಗಿದು, ಚಾಪೆ ಹಾಸಿ, ಚಹಾ ತರಿಸಿ, ತಳ ತಿರುವಿ ತಿರುವಿ ಹೆಸರು ಓದಿ ಕೊಡುತ್ತ ಹೋದೆ. ಅಂಚಿನ ಹೆಸರನ್ನು ಉಜ್ಜಿಸಿ ಕೊಡಲೂ ಒಪ್ಪಿಕೊಂಡೆ. ಅದಕ್ಕೆ ಹೊತ್ತು ಹಿಡಿಯಿತು. ಸುಮ್ಮನೆ ಕುಳಿತ ಹೆಂಗಸರು ಪಾತ್ರೆ ಅಂಗಡಿಯಲ್ಲಿ ಏನು ಮಾಡುತ್ತಾರೆ? ಒಬ್ಬಾಕೆ ಒಂದು ಡಬ್ಬಿಯ ಮುಚ್ಚಳ ತೆಗೆದು ನೋಡಿದಳು. ಇನ್ನೊಬ್ಬಾಕೆ ಬೆಲೆ ಕೇಳಿದಳು. ಮಧ್ಯಾಹ್ನದ ಹೊತ್ತಿಗೆ ಬೈಗುಳ ಚೌಕಾಶಿಯಾಗಿತ್ತು. ಸಂಜೆಗೆ ಕಪಾಟಿನ ಎರಡು ಸಾಲು ಖಾಲಿ.

ಆಮೇಲೆ ಬೇರೆ ಊರಿನವರು ಬರತೊಡಗಿದರು. ಯಾರು ಹೇಳಿದ್ರು ಎಂದು ಕೇಳುವ ಚಟ ಅಂಟಿದ್ದು ಆಗಲೇ. ಮಾತು ಹೇಗೆ ಹೋಗುತ್ತದೆ ಎಂಬುದರ ಕುತೂಹಲ ನನ್ನನ್ನು ಹಿಡಿದುಬಿಟ್ಟಿತು. ಮಾಗಳ ಊರಿನಾಕೆಗೆ ಹೇಳಿದ್ದು ಆಕೆಯ ನಾದಿನಿ, ಹಿಟ್ಟಿನ ಗಿರಣಿಯ ಸಾಲಿನಲ್ಲಿ. ಅಷ್ಟರಲ್ಲಿ ಕಥೆಯೊಳಗೆ ನಾನು ಸೌಟಿನ ಏಟು ತಿಂದಿದ್ದೆ. ಗುಡೇಕೋಟೆಯ ಕುರಿಗಾರರೊಬ್ಬರಿಗೆ ತಲುಪುವಾಗ ಒಂದು ಟೆಂಪೊ ಮೂರಾಗಿತ್ತು. "ಆ ಪೆಟ್ಟು ತಿಂದಾವ ನೀನ ಏನು?" ಎಂದು ಕೇಳಿ ಹಾಲಿನ ಕ್ಯಾನ್ ಕೊಂಡರು. ನಾನು ಇಲ್ಲವೆನ್ನಲಿಲ್ಲ. ವ್ಯಾಪಾರದಲ್ಲಿ ಒಂದೆರಡು ಏಟು ಇದ್ದದ್ದೇ. ಯಾವ ದಾರಿ ಹಿಡಿದು ಹಿಂದೆ ಹೋದರೂ ಮಾತು ತಂಬ್ರಹಳ್ಳಿಯಲ್ಲಿ ನಿಲ್ಲುತ್ತಿತ್ತು. ದೀಪಾವಳಿಯ ದಿನ ಕೊಟ್ಟೂರಿಗೆ ಹೋಗಿ, ಸಾಹುಕಾರರಿಗೆ ಸಿಹಿ ಕೊಟ್ಟು, ನನ್ನ ಜಾಗಕ್ಕೆ ಬೇರೆಯವರನ್ನು ಕೂರಿಸಿರಿ ಎಂದು ಹೇಳಿ ಬಂದೆ.

ಅಂದಿನಿಂದ ಮೊನ್ನೆಯವರೆಗೆ ನನ್ನ ಉಪದೇಶ ಒಂದೇ: ಹೆಸರು ದೊಡ್ಡದಾಗಿ ಹಾಕಿರಿ, ಜಗಳವಾದರೂ ಲಾಭವೇ.

ಅಂಬಿಕಾ ಸಂತೆ ಮುಗಿಸಿ ಬಂದಳು. ಅದೇ ಹುರುಪಿನಲ್ಲಿ ಆಕೆಗೂ ಇದೇ ಕಥೆ ಒಪ್ಪಿಸಿದೆ. ಆಕೆ ಸೆರಗು ಬಾಯಿಗಿಟ್ಟುಕೊಂಡು ನಗತೊಡಗಿದಳು.

"ಕಾಕಾರ, ಕೊಟ್ರಮ್ಮ ನಮ್ಮತ್ತಿ. ತಳದ ಹೆಸ್ರು ನೋಡದೇ ಆಕಿ ಒಂದು ಚಮಚಾನೂ ಯಾರಿಗೂ ಕೊಟ್ಟಾಕಿ ಅಲ್ಲ."

"ಅಂದ್ರ?"

"ಗೊತ್ತಿದ್ದೂ ಬೇಕಂತನ ನಿಮ್ಮಲ್ಲಿಗೆ ಕಳಿಸ್ಯಾಳ. 'ಹೆಸ್ರು ಹಾಕ್ಸಾಕ ಗಂಡಸ್ರು ಹೋಗ್ತಾರ, ಪಾತ್ರಿ ಕೊಳ್ಳಾಕಿ ಹೆಂಗಸು. ಆ ಹುಡುಗ್ಗ ಅಷ್ಟ ತಿಳೀಲಿಲ್ಲ. ಹೆಂಗಸ್ರನ್ನ ಅಂಗಡಿ ಮೆಟ್ಲ ಹತ್ತಿಸಿದ್ರ ಸಾಕಾಗಿತ್ತು. ಮ್ಯಾಲ ಕುಂತದ್ದಕ್ಕ ನಾಕು ಬೈಗುಳಾನೂ ಬೀಳ್ಲಿ ಅಂತ ಕಳಿಸಿದೆ,' ಅಂತಿರ್ತಾಳ."

ಪರಾತದ ಅಂಚನ್ನು ನೋಡಿದೆ. ಆ ದಿನ ಎಲ್ಲರೂ ನನ್ನ ಹೆಸರನ್ನು ಉಜ್ಜಿಸಿಕೊಂಡು ಹೋಗಿದ್ದರು. ಕೊಟ್ರಮ್ಮ ಮಾತ್ರ ಬಂದಿರಲಿಲ್ಲ. ಆಕೆಯ ಪರಾತ ಆ ಟೆಂಪೊದಲ್ಲೂ ಇರಲಿಲ್ಲ. ಇಷ್ಟು ಚೌಕಾಶಿ ಬಲ್ಲ ನನಗೆ ಇದು ಇಷ್ಟು ವರ್ಷ ಹೊಳೆಯಲೇ ಇಲ್ಲ.

"ಹಂಗಾರ ನಿನಗ ನನ್ನ ಹತ್ರ ಹೋಗು ಅಂತ ಹೇಳಿದ್ದು..."

"ಅತ್ತೀನ. ಮಂಡಿ ನೋವು, ಮನಿ ಬಿಟ್ಟು ಬರಂಗಿಲ್ಲ. 'ಹೋಗಿ ಕೇಳು, ಈಗಾರ ತಿಳದೈತೇನು ನೋಡಿ ಬಾ' ಅಂದ್ಲು. ಅಂಚಿನ ಮ್ಯಾಲಿನ ನಿಮ್ಮ ಹೆಸ್ರು ಅಳಿಸಬ್ಯಾಡ್ರಂತ. ನಂದು ಅದರ ಬಾಜೂಕ ಬರೀಬೇಕಂತ."

ಬರೆದೆ. ನನ್ನದಕ್ಕಿಂತ ದಪ್ಪಗೆ ಬರೆದೆ. ಪ್ರಚಾರದ ಬಗ್ಗೆ ಏನಾದರೂ ಹೇಳಿರಿ ಎಂದಾಗ, "ನಿಮ್ಮತ್ತಿನ್ನ ಕೇಳವ್ವ," ಎಂದಷ್ಟೇ ಹೇಳಿದೆ. ಚಹಾ ಕುಡಿಸಿಯೂ ಉಪದೇಶ ಮಾಡದೆ ಕಳಿಸಿದ್ದು ಅದೇ ಮೊದಲು.

ನಿನ್ನೆ ಹಡಗಲಿಯಿಂದ ಗಂಡ ಹೆಂಡತಿ ಬಂದಿದ್ದರು, ಮಗಳ ಮದುವೆಗೆ ಪಾತ್ರೆ ಕೊಳ್ಳಲು. ಡಬರಿ ಕಟ್ಟಿಕೊಡುತ್ತ, ಊಟಕ್ಕೆ ರೊಟ್ಟಿ ಯಾರದೆಂದು ಕೇಳಿದೆ. ಇನ್ನೂ ಗೊತ್ತಾಗಿಲ್ಲ ಎಂದರು. ತಂಬ್ರಹಳ್ಳಿಯಲ್ಲಿ ಅಂಬಿಕಾ ಎಂಬಾಕೆ ಇದ್ದಾಳೆ, ತಾಯಿ ಮಗಳು ಇಬ್ಬರೂ ಹೋಗಿ ತಿಂದು ನೋಡಿರಿ ಎಂದು, ಗಂಡನಿಗಲ್ಲ, ಹೆಂಡತಿಗೆ ಹೇಳಿದೆ.

"ಯಾರು ಹೇಳಿದ್ರು ಅಂತ ಕೇಳಿದ್ರ ನನ್ನ ಹೆಸ್ರು ಹೇಳಬ್ಯಾಡ್ರಿ," ಎಂದೂ ಸೇರಿಸಿದೆ. ಆ ಮಾತು ಹೇಳುವಾಗ ನಾಲಿಗೆ ಸ್ವಲ್ಪ ತೊಡರಿತು.